ಸ್ವಾಮ್ಯವೂ ಅಧಿಕಾರವೂ

ಹಣವನ್ನು ಕೊಟ್ಟು ಒಂದು ವಸ್ತುವನ್ನು ಕೊಂಡ ಮೇಲೆ ಕೊಂಡವನಿಗೆ ಬರುವದೇನು? ವಸ್ತುವು ಬರುವದೆಂಬುದು ಎಲ್ಲರೂ ಬಲ್ಲ ಉತ್ತರವು. ಆದರೆ ಆ ವಸ್ತುವನ್ನು ಮಾಡಿದವನ ಕೈಯಲ್ಲಿದ್ದ ಅರಿವೂ, ಅದನ್ನು ಇಷ್ಟು ದಿವಸ ಬಳಸಿದವನ ಮೈಗೆ ಹತ್ತಿದ ರೂಢಿಯೂ ಅದೇ ಹಣಕ್ಕೆ ಬರುವವೋ ಎಂದು ಕೇಳುವವರು ವಿರಳ. ಕೇಳುವ ಪ್ರಸಂಗವೂ ನಿತ್ಯದ ಬಾಳಿನಲ್ಲಿ ಹೆಚ್ಚಾಗಿ ಒದಗುವದಿಲ್ಲ. ಸಂತೆಯಲ್ಲಿ ಗಡಿಗೆಯನ್ನು ಕೊಳ್ಳುವ ಹೆಣ್ಣುಮಗಳು ಅದನ್ನು ಬೆರಳಿನಿಂದ ಬಾರಿಸಿ, ನಾದವನ್ನು ಕೇಳಿ, ಒಡಕಿಲ್ಲವೆಂದು ತಿಳಿದು ಮನೆಗೆ ತರುವಳು. ನೀರು ತುಂಬುವ ಬಗೆಯನ್ನು ಕುಂಬಾರನು ಆಕೆಗೆ ಕಲಿಸಬೇಕಾದುದಿಲ್ಲ. ದನದ ಜಾತ್ರೆಯಲ್ಲಿ ಎತ್ತನ್ನು ಕೊಳ್ಳುವ ಒಕ್ಕಲಿಗನು ಹಲ್ಲು ಎಣಿಸುವನು, ಸುಳಿ ನೋಡುವನು, ನಾಲ್ಕು ಹೆಜ್ಜೆ ನಡೆಸಿ ನೋಡುವನು. ಆದಾಗ್ಯೂ ತಿಳಿವಳಿಕೆಯುಳ್ಳ ಯಾವ ಒಕ್ಕಲಿಗನೂ ಹೊಸ ಎತ್ತನ್ನು ಮೊದಲ ದಿನವೇ ತುಂಬಿದ ಚಕ್ಕಡಿಗೆ ಹೂಡಿ ಬೆಣ್ಣಿಹಳ್ಳವನ್ನು ದಾಟಿಸಲಿಕ್ಕೆ ಹೋಗುವದಿಲ್ಲ. ಎತ್ತು ಅವನದಾಯಿತು, ಆದರೆ ಅವನ ದನಿಯು ಎತ್ತಿಗೆ ಇನ್ನೂ ಪರಿಚಯವಾಗಿಲ್ಲ, ಎತ್ತಿನ ಅಂಜಿಕೆಗಳು ಅವನಿಗೆ ಪರಿಚಯವಾಗಿಲ್ಲ. ಸ್ವಾಮ್ಯವು ಒಂದು ದಿನದಲ್ಲಿ ಬಂದಿತು. ಉಳಿದುದು ಬರಲಿಕ್ಕೆ ಒಂದು ಹಂಗಾಮು ಬೇಕು.

ಈ ಭೇದವು ಸಣ್ಣದಾಗಿ ತೋರಬಹುದು. ಎತ್ತಿನ ವಿಷಯದಲ್ಲಿ ತಪ್ಪಿದರೆ ಚಕ್ಕಡಿಯು ಹೊಲದ ಬದುವಿಗೆ ಉರುಳೀತು. ಅದರಾಚೆಗೆ ಹಾನಿಯು ಅಪರೂಪ. ಆದರೆ ಇದೇ ಭೇದವು ಪ್ರಾಣದ ಪ್ರಶ್ನೆಯಾಗಿ ಎದುರು ನಿಲ್ಲುವ ಒಂದು ವ್ಯವಹಾರವು ಈ ಕಾಲದಲ್ಲಿ ಹುಟ್ಟಿದೆ. ಅದು ಯಾರೋ ಒಬ್ಬ ಹವ್ಯಾಸಿಯು ತನ್ನ ಮನೆಯಲ್ಲಿ ಕೈಯಾರೆ ಕಟ್ಟಿದ ಸಣ್ಣ ವಿಮಾನವನ್ನು, ಹಾರಾಟದಲ್ಲಿ ಇನ್ನೂ ಎಳೆಯನಾದ ಮತ್ತೊಬ್ಬನು ಹಳೆಯದಾಗಿ ಕೊಳ್ಳುವ ವ್ಯವಹಾರವು. ಇಂಥ ವಿಮಾನಗಳ ದೊಡ್ಡ ಪೇಟೆಯು ಇರುವದು ಅಮೇರಿಕೆಯಲ್ಲಿ. ಆದರೂ ಇದು ದೂರದ ಮಾತೆಂದು ಬಿಡುವ ಹಾಗಿಲ್ಲ. ಕುಂದಗೋಳ, ಅಣ್ಣಿಗೇರಿ, ಕಲಘಟಗಿಗಳ ಮನೆತನಗಳಲ್ಲಿ ಹುಟ್ಟಿ ಇಂಜಿನಿಯರಿಂಗ ಓದಿ ಆ ದೇಶದಲ್ಲಿ ಉದ್ಯೋಗಕ್ಕೆ ನಿಂತ ತರುಣರು ಈಗ ಅನೇಕರಿರುವರು. ಅವರಲ್ಲೊಬ್ಬನಿಗೆ ಹಾರಾಟದ ಹಂಬಲವು ಹುಟ್ಟಿತೆಂದು ಭಾವಿಸಬಹುದು. ಅಲ್ಲಿಯ ಕಾನೂನಿನ ಮೇರೆಗೆ ಕನಿಷ್ಠ 40 ತಾಸು ಹಾರಿ ಕಲಿತವನು ಪರೀಕ್ಷೆಗೆ ಕೂತು ಖಾಸಗಿ ವಿಮಾನಚಾಲಕನ ಪರವಾನಿಗೆಯನ್ನು ಪಡೆಯಬಹುದು. ಕಾರಖಾನೆಯ ಹೊಸ ವಿಮಾನದ ಬೆಲೆಯು ಅವನ ಶಕ್ತಿಗೆ ಮೀರಿದ್ದು. ಹವ್ಯಾಸಿಯು ಕಟ್ಟಿದ ಹಳೆಯ ವಿಮಾನವು ಅದರ ಒಂದಂಶಕ್ಕೆ ಸಿಕ್ಕೀತು. ಮೇಲಾಗಿ ಅದು ವೇಗಶಾಲಿಯೂ ನೋಡಲಿಕ್ಕೆ ಅಂದವಾದುದೂ ಆಗಿರುವದು. ಇಂಥಲ್ಲಿ ಅವನು ಮಾಡತಕ್ಕದ್ದೇನು? ಇದು ಹಣದ ಲೆಕ್ಕವಷ್ಟೇ ಅಲ್ಲ, ಧರ್ಮದ ಪ್ರಶ್ನೆಯೂ ಅಹುದು.

ಆ ವಿಮಾನವು ಎಂಥದೆಂಬುದನ್ನು ಮೊದಲು ತಿಳಿಯಬೇಕು. ಕ್ಯಾಲಿಫೋರ್ನಿಯಾದ ಬರ್ಟ್ ರುಟಾನ್ ಎಂಬ ವಿನ್ಯಾಸಕಾರನು 1975ರಲ್ಲಿ ‘ವೇರಿ-ಈಜಿ’ ಎಂಬುದನ್ನೂ, 1979ರಲ್ಲಿ ಅದಕ್ಕಿಂತ ತುಸು ದೊಡ್ಡದಾದ ‘ಲಾಂಗ್-ಈಜಿ’ ಎಂಬುದನ್ನೂ ಹಾರಿಸಿ ತೋರಿಸಿದನು. ಅವನು ಮಾರಿದ್ದು ವಿಮಾನವನ್ನಲ್ಲ, ಕಟ್ಟುವ ವಿಧಾನದ ನಕ್ಷೆಗಳನ್ನು. 1985ರ ತನಕ ಅವನ ಸಂಸ್ಥೆಯು ಆ ನಕ್ಷೆಗಳನ್ನು ಮಾರಿತು. ಕೊಂಡವರು ತಮ್ಮ ಮನೆಯ ಮೋಟಾರು ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ದುಡಿದು ವಿಮಾನವನ್ನು ಕಟ್ಟಿದರು. ಕಾಯಿಸಿದ ತಂತಿಯಿಂದ ಹಗುರವಾದ ನೊರೆದಿಮ್ಮಿಯನ್ನು ರೆಕ್ಕೆಯ ಆಕಾರಕ್ಕೆ ಕೊಯ್ಯುವದು, ಅದರ ಮೇಲೆ ಗಾಜಿನ ನೂಲಿನ ಬಟ್ಟೆಯನ್ನು ಹಾಸುವದು, ಎಪಾಕ್ಸಿ ಎಂಬ ಅಂಟುರಾಳವನ್ನು ಅದಕ್ಕೆ ಊಡುವದು, ಪದರಿನ ಮೇಲೆ ಪದರು ಇಡುವದು, ಗಟ್ಟಿಯಾದ ಮೇಲೆ ನುಣ್ಣಗೆ ಉಜ್ಜಿ ಬಣ್ಣ ಬಳಿಯುವದು, ಇದು ಅದರ ಕ್ರಮವು. ನೊರೆ, ಬಟ್ಟೆ, ರಾಳ ಇವು ಬೇರೆ ಬೇರೆಯಾಗಿ ಬಲಹೀನವಾದರೂ ಕೂಡಿದಾಗ ಲೋಹದೊಡನೆ ಪೈಪೋಟಿ ಮಾಡುವಷ್ಟು ಗಟ್ಟಿಯಾಗುವವು. ಲಾಂಗ್-ಈಜಿಯಲ್ಲಿ ಸಣ್ಣ ರೆಕ್ಕೆಯು ಮುಂದೆ, ದೊಡ್ಡ ರೆಕ್ಕೆಯೂ ಯಂತ್ರವೂ ಹಿಂದೆ. ವೇಗವು ಅತಿಯಾಗಿ ಕುಂದಿದರೆ ಮುಂದಿನ ರೆಕ್ಕೆಯೇ ಮೊದಲು ಬಲಗುಂದಿ ಮೂತಿಯು ತಾನಾಗಿ ಕೆಳಗಿಳಿಯುವದು. ಹೀಗೆ ಸಾಮಾನ್ಯ ವಿಮಾನಗಳಿಗೆ ತಗಲುವ ಒಂದು ದೊಡ್ಡ ಅಪಾಯಕ್ಕೆ ಅಲ್ಲಿ ಜಾಣ್ಮೆಯ ತಡೆಯಿದೆ.

ಅಲ್ಲಿಯ ಸರಕಾರವು ಇಂಥ ವಿಮಾನವನ್ನು ನಿಷೇಧಿಸಿಲ್ಲ. ಹೆಚ್ಚಿನ ಭಾಗವನ್ನು ಹವ್ಯಾಸಿಗಳು ತಮ್ಮ ಕಲಿಕೆಗಾಗಿ ಅಥವಾ ವಿನೋದಕ್ಕಾಗಿ ಕಟ್ಟಿದ್ದರೆ ಅದನ್ನು ‘ಪ್ರಾಯೋಗಿಕ’ ಎಂಬ ವರ್ಗದಲ್ಲಿ ಸೇರಿಸಿ ಹಾರಲಿಕ್ಕೆ ಬಿಡುವದು. ಕಟ್ಟಿದವನು ಅದರ ಒಂದೊಂದು ಪದರನ್ನೂ ಬಲ್ಲನೆಂಬ ಕಾರಣದಿಂದ, ವರ್ಷಕ್ಕೊಮ್ಮೆ ಅದನ್ನು ತಾನೇ ಪರೀಕ್ಷಿಸಿ ಸರಿಯಾಗಿದೆಯೆಂದು ಬರೆಯುವ ಅರ್ಹತಾಪತ್ರವನ್ನು ಕಾನೂನು ಅವನಿಗೆ ಕೊಡಬಲ್ಲದು. ಇಲ್ಲಿಯೇ ಒಂದು ಸೂಕ್ಷ್ಮವಿದೆ. ವಿಮಾನವನ್ನು ಅವನು ಮಾರಿದರೆ ಅರ್ಹತಾಪತ್ರವು ವಿಮಾನದ ಸಂಗಡ ಹೋಗುವದಿಲ್ಲ. ಅದು ಕಟ್ಟಿದವನ ಹೆಸರಿಗೇ ನಿಲ್ಲುವದು. ರೆಕ್ಕೆ ಮಾರಬಹುದು, ಯಂತ್ರ ಮಾರಬಹುದು, ನಕ್ಷೆ ಮಾರಬಹುದು, ಅರಿವನ್ನು ಮಾತ್ರ ಮಾರಲಾಗದೆಂಬುದನ್ನು ಈ ಶುಷ್ಕವಾದ ಕಾಯದೆಯೂ ಕಂಡುಕೊಂಡಿದೆ.

ಸಮ್ಮಿಶ್ರ ದ್ರವ್ಯದ ಈ ವಿಮಾನದಲ್ಲಿ ಅರಿವಿನ ಕೊರತೆಯು ವಿಶೇಷವಾಗಿ ಬಾಧಿಸುವದಕ್ಕೆ ಕಾರಣವುಂಟು. ನವಲಗುಂದದ ಜಮಖಾನೆಯನ್ನು ಕೊಳ್ಳುವವನು ಅದನ್ನು ತಿರುವಿ ಹಾಕಿ ಹಿಂಬದಿಯನ್ನು ನೋಡಬಹುದು. ನೇಯ್ದವಳ ಕೈ ಎಲ್ಲಿ ಸಡಿಲಾಯಿತೆಂಬುದು ಎಳೆಯಲ್ಲಿಯೇ ಕಾಣುವದು. ಕಲಘಟಗಿಯ ಬಣ್ಣದ ತೊಟ್ಟಿಲನ್ನು ಮಗುವಿಗಾಗಿ ತರುವ ಅಜ್ಜಿಯು ಕೀಲುಗಳನ್ನು ಅಲುಗಿಸಿ ನೋಡುವಳು. ಅರಗಿನ ಬಣ್ಣದ ಕೆಳಗೆ ಕಟ್ಟಿಗೆಯು ಕಟ್ಟಿಗೆಯೇ ಎಂಬುದು ಆಕೆಗೆ ಗೊತ್ತು. ಆದರೆ ರಾಳ ಬಳಿದ ರೆಕ್ಕೆಯಲ್ಲಿ ಹಿಂಬದಿಯೆಂಬುದಿಲ್ಲ, ಕೀಲೂ ಕಾಣದು. ಒಂದು ಪದರಿಗೆ ರಾಳವು ಸಾಲದೆ ಬಟ್ಟೆಯು ಒಣಗಿ ಉಳಿದಿರಬಹುದು. ಎರಡು ಪದರುಗಳ ನಡುವೆ ಗಾಳಿಯ ಗುಳ್ಳೆಯು ಸಿಕ್ಕಿರಬಹುದು. ಬಟ್ಟೆಯ ಎಳೆಯು ನಕ್ಷೆ ಹೇಳಿದ ದಿಕ್ಕಿಗಿರದೆ ಓರೆಯಾಗಿರಬಹುದು. ಇಂಧನವು ಎಲ್ಲಿಯೋ ಸೋರಿ ಒಳಗಿನ ನೊರೆಯನ್ನು ಕರಗಿಸಿರಬಹುದು. ಬಿಸಿಲಿನ ತಾಪಕ್ಕೆ ರಾಳವು ಮೆದುವಾಗುವದರಿಂದ ಇಂಥ ವಿಮಾನಕ್ಕೆ ಬಿಳಿಯ ಬಣ್ಣವನ್ನೇ ಬಳಿಯುವರು. ಆ ಬಿಳುಪು ಒಳ್ಳೆಯ ಕೆಲಸವನ್ನೂ ಕೆಟ್ಟ ಕೆಲಸವನ್ನೂ ಒಂದೇ ರೀತಿಯಾಗಿ ಮುಚ್ಚುವದು. ಬಲ್ಲವರು ನಾಣ್ಯದಿಂದ ರೆಕ್ಕೆಯ ಮೇಲೆಲ್ಲ ಬಾರಿಸುತ್ತ ಹೋಗುವರು. ಪದರು ಬಿಟ್ಟಲ್ಲಿ ಟಣ್ ಎಂಬ ನಾದವು ಅಡಗಿ ಮಂದವಾದ ಸಪ್ಪಳವು ಕೇಳುವದು. ಸಂತೆಯ ಹೆಣ್ಣುಮಗಳ ಪರೀಕ್ಷೆಯೂ ಇದುವೇ. ಆದರೆ ಆಕೆಯ ಕಿವಿಗೆ ಬಾಲ್ಯದಿಂದ ನೂರು ಗಡಿಗೆಗಳ ನಾದವು ಪರಿಚಿತ, ಹೊಸದಾಗಿ ಕೊಳ್ಳುವವನ ಕಿವಿಗೆ ಇದು ಮೊದಲನೆಯ ರೆಕ್ಕೆ.

ಕೊಂಡ ವಸ್ತುವನ್ನು ಪರೀಕ್ಷಿಸುವ ಕಾಲವನ್ನು ಕುರಿತು ಪ್ರಾಚೀನ ಧರ್ಮಶಾಸ್ತ್ರವು ವಿಚಾರ ಮಾಡದೆ ಇರಲಿಲ್ಲ. ವ್ಯವಹಾರಪದಗಳಲ್ಲಿ ಕ್ರೀತಾನುಶಯವೆಂಬುದೊಂದು ಪ್ರಕರಣವಿದೆ. ಕೊಂಡ ಮೇಲೆ ಪಶ್ಚಾತ್ತಾಪಗೊಂಡವನ ನ್ಯಾಯವೆಂದು ಅದರ ಅರ್ಥವು. ಅಣ್ಣಿಗೇರಿಯ ಅಮೃತೇಶ್ವರ ದೇವಾಲಯವು ಯಾವ ಅರಸುಮನೆತನದ ಕಾಲದ್ದೋ, ಆ ಕಲ್ಯಾಣದ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳಿಕೆಯಲ್ಲಿ ವಿಜ್ಞಾನೇಶ್ವರನು ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದದ್ದು ಯಾಜ್ಞವಲ್ಕ್ಯ ಸ್ಮೃತಿಯ ಮೇಲೆ. ಆ ಸ್ಮೃತಿಯು ಪರೀಕ್ಷೆಯ ಅವಧಿಯನ್ನು ವಸ್ತುವಿಗೆ ತಕ್ಕಂತೆ ಹೇಳಿದೆ. ಕಬ್ಬಿಣಕ್ಕೆ ಒಂದು ದಿನ, ಕರೆಯುವ ಪಶುವಿಗೆ ಮೂರು, ಹೊರೆಯ ಪಶುವಿಗೆ ಐದು, ರತ್ನಕ್ಕೆ ಏಳು, ಬೀಜಕ್ಕೆ ಹತ್ತು. ಈ ಅಂಕೆಗಳಲ್ಲಿ ಒಂದು ತತ್ತ್ವವು ಅಡಗಿದೆ. ಬೆಲೆಯು ಹೆಚ್ಚಾದಂತೆ ಅವಧಿಯು ಹೆಚ್ಚುವದೆಂದು ಇದಕ್ಕೆ ಅರ್ಥವಲ್ಲ. ಹಾಗಿದ್ದರೆ ರತ್ನಕ್ಕಿಂತ ಬೀಜಕ್ಕೆ ಹೆಚ್ಚು ದಿನಗಳು ಸಲ್ಲುತ್ತಿರಲಿಲ್ಲ. ಒಂದೊಂದು ವಸ್ತುವು ತನ್ನ ದೋಷವನ್ನು ತೋರಿಸಲಿಕ್ಕೆ ಎಷ್ಟು ಕಾಲವನ್ನು ಬೇಡುವದೋ ಅಷ್ಟು ಕಾಲವನ್ನು ಕೊಳ್ಳುವವನಿಗೆ ಕೊಡಬೇಕೆಂಬುದೇ ಅಲ್ಲಿಯ ನ್ಯಾಯವು. ಕಬ್ಬಿಣವು ಸುತ್ತಿಗೆಯ ಏಟಿಗೆ ಕೂಡಲೆ ಮಾತಾಡುವದು. ಬೀಜವು ಮೊಳೆಯುವ ತನಕ ಮೌನವಾಗಿರುವದು.

ಇದೇ ತತ್ತ್ವವನ್ನು ವಿಮಾನಕ್ಕೆ ಹಚ್ಚಿದರೆ ಒಂದು ಕಠಿಣವಾದ ಸಂಗತಿಯು ಎದುರಾಗುವದು. ಬೀಜದ ದೋಷವನ್ನು ನೆಲದಲ್ಲಿ ಕಾಣಬಹುದು, ಎತ್ತಿನ ದೋಷವನ್ನು ಅಂಗಳದಲ್ಲಿ ಕಾಣಬಹುದು. ವಿಮಾನದ ಕೆಲವು ದೋಷಗಳು ಆಕಾಶದಲ್ಲಿ ಮಾತ್ರ ಕಾಣುವವು. ಪರೀಕ್ಷೆಯೂ ಬಳಕೆಯೂ ಅಲ್ಲಿ ಬೇರೆಯಲ್ಲ. ಇದಲ್ಲದೆ, ಪರೀಕ್ಷೆಗೆ ಗುರಿಯಾದುದು ವಸ್ತುವೊಂದೇ ಅಲ್ಲ, ಕೊಂಡವನೂ ಅದೇ ಗಳಿಗೆಯಲ್ಲಿ ಪರೀಕ್ಷೆಗೆ ಗುರಿಯಾಗುವನು. ಅಮೇರಿಕೆಯ ರಾಷ್ಟ್ರೀಯ ಸಾರಿಗೆ ಸುರಕ್ಷಾ ಮಂಡಳಿಯು 2011ರಲ್ಲಿ ನಡೆದ ಇಂಥ ಹವ್ಯಾಸಿ ವಿಮಾನಗಳ ಅಪಘಾತಗಳನ್ನು ಪರಿಶೀಲಿಸಿ 2012ರಲ್ಲಿ ವರದಿಯನ್ನು ಹೊರಡಿಸಿತು. ಆ ವರ್ಷ ಅಪಘಾತಕ್ಕೀಡಾದವುಗಳಲ್ಲಿ ಒಡೆಯನು ತಾನೇ ಕಟ್ಟಿದ ವಿಮಾನಗಳಿಗಿಂತ ಹಳೆಯದಾಗಿ ಕೊಂಡ ವಿಮಾನಗಳೇ ಹೆಚ್ಚಾಗಿದ್ದವು. ಹಾಗೆ ಕೊಂಡವುಗಳಲ್ಲಿ 14 ವಿಮಾನಗಳು ಹೊಸ ಒಡೆಯನ ಮೊಟ್ಟಮೊದಲ ಹಾರಾಟದಲ್ಲಿಯೇ ಅಪಘಾತಕ್ಕೀಡಾದವು. ಇವುಗಳಲ್ಲಿ ಅನೇಕವು ಹಿಂದಿನ ಒಡೆಯನ ಕೈಯಲ್ಲಿ ವರ್ಷಗಟ್ಟಲೆ ಹಾರಿದವೇ ಆಗಿರಬೇಕು. ವಸ್ತುವು ಬದಲಾಗದೆ ಒಡೆಯನು ಮಾತ್ರ ಬದಲಾದಾಗಲೂ ಅಪಾಯವು ಹೊಸದಾಗಿ ಹುಟ್ಟುವದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಪ್ರಮಾಣವು ಬೇಡ.

ಎಲ್ಲರೂ ಬಲ್ಲ ಒಂದು ದೃಷ್ಟಾಂತವಿದೆ. ಜಾನ್ ಡೆನ್ವರ್ ಎಂಬವನು ಅಮೇರಿಕೆಯ ಪ್ರಸಿದ್ಧ ಗಾಯಕನು. ಅವನು ಹಾರಾಟದಲ್ಲಿ ಎಳೆಯನಲ್ಲ. 2,700 ತಾಸುಗಳಿಗಿಂತ ಹೆಚ್ಚು ಕಾಲ ವಿಮಾನಗಳನ್ನು ನಡೆಸಿದ್ದನು. 1997ರ ಅಕ್ಟೋಬರದಲ್ಲಿ ಅವನು ಒಂದು ಹಳೆಯ ಲಾಂಗ್-ಈಜಿಯನ್ನು ಕೊಂಡನು. ನಕ್ಷೆಯ ಪ್ರಕಾರ ಇಂಧನದ ತೊಟ್ಟಿಗಳನ್ನು ಬದಲಿಸುವ ಕವಾಟದ ಹಿಡಿಕೆಯು ಚಾಲಕನ ಕಾಲುಗಳ ನಡುವೆ ಇರತಕ್ಕದ್ದು. ಆದರೆ ಈ ವಿಮಾನವನ್ನು ಕಟ್ಟಿದವನು ಇಂಧನದ ನಳಿಗೆಗಳು ಕೂಡ್ರುವ ಜಾಗದೊಳಗೆ ಬರಬಾರದೆಂಬ ಆಲೋಚನೆಯಿಂದ ಹಿಡಿಕೆಯನ್ನು ಚಾಲಕನ ಎಡಭುಜದ ಹಿಂದೆ ಇಟ್ಟಿದ್ದನು. ಆಲೋಚನೆಯು ಅವನ ಮಟ್ಟಿಗೆ ಯುಕ್ತವೇ. ಆ ಏರ್ಪಾಟು ಅವನಿಗೆ ರೂಢಿಯಾಗಿತ್ತು. ಹೊಸಬನಾದರೋ ಅದನ್ನು ತಿರುವಲಿಕ್ಕೆ ಬಲಗೈಯನ್ನು ಹತೋಟಿಯ ಕೋಲಿನಿಂದ ಬಿಡಿಸಿ, ಮೈಯನ್ನು ಹೊರಳಿಸಿ, ಎಡಭುಜದ ಹಿಂದಕ್ಕೆ ಚಾಚಬೇಕು. ಹಾಗೆ ಚಾಚುವಾಗ ಬಲಗಾಲು ಅರಿವಿಲ್ಲದೆ ಚುಕ್ಕಾಣಿಯ ಮೆಟ್ಟನ್ನು ಒತ್ತುವದು. ಹಿಡಿಕೆಯ ಮೇಲೆ ಗುರುತುಗಳಿರಲಿಲ್ಲ. ಇಂಧನದ ಮಟ್ಟವನ್ನು ತೋರಿಸುವ ಗಾಜುಗಳ ಮೇಲೆಯೂ ಅಳತೆಯ ಗುರುತುಗಳಿರಲಿಲ್ಲ.

ಈ ವಿಮಾನದ ಪರಿಚಯವೆಂದು ಡೆನ್ವರನಿಗೆ ದೊರೆತುದು ಸುಮಾರು ಅರ್ಧ ತಾಸಿನ ಹಾರಾಟ. ಅಕ್ಟೋಬರ 12ರಂದು ಮಾಂಟೆರೆಯ ನಿಲ್ದಾಣದಲ್ಲಿ ಹೊರಡುವ ಮುಂಚೆ ಅವನೂ ಒಬ್ಬ ಯಂತ್ರಕುಶಲನೂ ಕೂಡಿ ಆ ಹಿಡಿಕೆಯ ತೊಂದರೆಯನ್ನು ಕುರಿತು ಮಾತಾಡಿದರು. ಇಕ್ಕಳವನ್ನು ಹಚ್ಚಿ ಅದನ್ನು ಉದ್ದ ಮಾಡಿ ನೋಡಿದರು, ಆದರೂ ಕೈಗೆ ಎಟುಕಲಿಲ್ಲ. ಹಿಂದಿನ ಗಾಜುಗಳನ್ನು ನೋಡಲಿಕ್ಕೆ ಒಂದು ಕೈಗನ್ನಡಿಯನ್ನು ಅವನು ಅವನಿಗೆ ಕೊಟ್ಟನು. ಇಂಧನವನ್ನು ತುಂಬಿಸುವ ಮಾತು ಬಂದಾಗ, ತಾಸೊಂದರ ಹಾರಾಟಕ್ಕೆ ಅದು ಬೇಕಿಲ್ಲವೆಂದು ಡೆನ್ವರನು ಹೇಳಿದನು. ಸಂಜೆಯ ಹೊತ್ತಿಗೆ ಪೆಸಿಫಿಕ್ ಗ್ರೋವ್ ಎಂಬಲ್ಲಿ, ಸುಮಾರು 500 ಅಡಿಯ ಎತ್ತರದಿಂದ ವಿಮಾನವು ಸಮುದ್ರಕ್ಕೆ ಬಿದ್ದು ಅವನು ತೀರಿಕೊಂಡನು. ಹಿಡಿಕೆಗಾಗಿ ಕೈ ಚಾಚಿದಾಗ ಗಮನವು ಹಾರಾಟದಿಂದ ಕದಲಿ, ಬಲಗಾಲು ಚುಕ್ಕಾಣಿಯನ್ನು ಒತ್ತಿ, ಹತೋಟಿಯು ತಪ್ಪಿತೆಂದು ಮಂಡಳಿಯು ನಿರ್ಣಯಿಸಿತು. ಇಂಧನ ತುಂಬಿಸದೆ ಹೊರಟದ್ದು, ಕಟ್ಟಿದವನು ಹಿಡಿಕೆಯನ್ನು ನಿಲುಕದ ಜಾಗದಲ್ಲಿ ಇಟ್ಟದ್ದು, ಆ ಜಾತಿಯ ವಿಮಾನದಲ್ಲಿ ಚಾಲಕನ ಶಿಕ್ಷಣವೂ ಅನುಭವವೂ ಸಾಲದೆಹೋದದ್ದು, ಇವುಗಳನ್ನೂ ಅದು ಕಾರಣಗಳ ಸಾಲಿನಲ್ಲಿ ಎಣಿಸಿತು.

ಈ ದುರಂತದಲ್ಲಿ ವಿಚಾರಯೋಗ್ಯವಾದುದು ಎರಡು ಸಂಗತಿ. ಒಂದನೆಯದು, ದೋಷವು ಗುಪ್ತವಾಗಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ನೆಲದ ಮೇಲೆ ಅದರ ಚರ್ಚೆಯೂ ನಡೆದಿತ್ತು. ಆದುದರಿಂದ ದೋಷವನ್ನು ತಿಳಿಯುವದು ಬೇರೆ, ಆ ತಿಳಿವಳಿಕೆಗೆ ತಲೆಬಾಗಿ ಹಾರಾಟವನ್ನು ಮುಂದಕ್ಕೆ ಹಾಕುವದು ಬೇರೆ. ಎರಡನೆಯದು, 2,700 ತಾಸುಗಳು ಆ ಒಂದು ಗಳಿಗೆಯಲ್ಲಿ ಅವನ ನೆರವಿಗೆ ಬರಲಿಲ್ಲ. ಬೇಸಿಗೆಯಲ್ಲಿ ಬೆಣ್ಣಿಹಳ್ಳವನ್ನು ನೂರು ಸಲ ದಾಟಿದವನಿಗೆ ಮಳೆಗಾಲದ ಹಳ್ಳವು ಪರಿಚಿತವೆಂದು ಹೇಳಲಾಗದು. ಪರಕೀಯನ ಕೈಗೆ ತಕ್ಕಂತೆ ಕಟ್ಟಿದ ವಸ್ತುವಿನ ಮುಂದೆ ಅನುಭವಿಯೂ ಹೊಸಬನೇ. ಹಾಗಿದ್ದ ಮೇಲೆ ಒಟ್ಟು 60 ಅಥವಾ 80 ತಾಸು ಹಾರಿದ ತರುಣನು ಎರಡು ಸಲ ಹೊಸಬನು: ಆಕಾಶಕ್ಕೂ ಹೊಸಬನು, ವಸ್ತುವಿಗೂ ಹೊಸಬನು.

ಮೀಮಾಂಸಕರು ಅಧಿಕಾರವೆಂಬ ಶಬ್ದವನ್ನು ಈಗಿನ ಕಚೇರಿಯ ಅರ್ಥದಲ್ಲಿ ಬಳಸಿದವರಲ್ಲ. ಒಂದು ಕರ್ಮಕ್ಕೆ ಯಾರು ಅಧಿಕಾರಿ ಎಂಬುದಕ್ಕೆ ಅವರು ಮೂರು ಲಕ್ಷಣಗಳನ್ನು ಹೇಳುವರು. ಅವನು ಅರ್ಥಿಯಾಗಿರಬೇಕು, ಎಂದರೆ ಫಲವನ್ನು ಬಯಸಿದವನಾಗಿರಬೇಕು, ಸಮರ್ಥನಾಗಿರಬೇಕು, ಶಾಸ್ತ್ರವು ಅವನನ್ನು ಹೊರಗಿಟ್ಟಿರಬಾರದು. ಹಾರಾಟದ ಹಂಬಲವುಳ್ಳ ತರುಣನಲ್ಲಿ ಮೊದಲನೆಯದು ಬೇಕಾದಷ್ಟಿದೆ. ಮೂರನೆಯದೂ ಇದೆ, ಪರವಾನಿಗೆಯನ್ನು ಪಡೆದವನನ್ನು ಕಾನೂನು ಹೊರಗಿಟ್ಟಿಲ್ಲ. ಎರಡನೆಯದರಲ್ಲಿ ಮಾತ್ರ ಜನರು ಮೋಸಹೋಗುವರು. ಸಾಮರ್ಥ್ಯವೆಂದರೆ ದ್ರವ್ಯದ ಸಾಮರ್ಥ್ಯವೆಂದೋ ಶರೀರದ ಸಾಮರ್ಥ್ಯವೆಂದೋ ತಿಳಿದು ಸುಮ್ಮನಾಗುವರು. ವಿದ್ಯೆಯೂ ಸಾಮರ್ಥ್ಯದ ಅಂಗವೆಂದು ಮೀಮಾಂಸಕರು ಸ್ಪಷ್ಟವಾಗಿ ಎಣಿಸಿರುವರು. ಹಣವು ಕೈಯಲ್ಲಿದ್ದು ಮೈ ಗಟ್ಟಿಯಾಗಿದ್ದು ಪರವಾನಿಗೆಯು ಕಿಸೆಯಲ್ಲಿದ್ದರೂ ಆ ವಸ್ತುವಿನ ವಿದ್ಯೆಯು ಇಲ್ಲದವನು ಒಡೆಯನಾಗಬಲ್ಲನು, ಅಧಿಕಾರಿಯಾಗಲಾರನು. ಮಿರಜಿಗೆ ಹೋಗಿ ಒಳ್ಳೆಯ ತಂಬೂರಿಯನ್ನು ಒಂದೇ ದಿನದಲ್ಲಿ ಕೊಂಡು ತರಬಹುದು. ಆದರೆ ಸವಾಯಿ ಗಂಧರ್ವರ ಬಳಿ ಪಾಠಕ್ಕಾಗಿ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೇಲ್ವೆಯಲ್ಲಿ ವರ್ಷಗಟ್ಟಲೆ ತಿರುಗಾಡಬೇಕಾಯಿತು. ತಂಬೂರಿಯಲ್ಲಿ ತಪ್ಪಿದರೆ ಕೇಳುವವರ ಕಿವಿಗೆ ನೋವಾದೀತು. ಅಷ್ಟರಿಂದಲೇ ವಿದ್ಯೆಯಿಲ್ಲದ ಸ್ವಾಮ್ಯವು ಅಲ್ಲಿ ಹಾಸ್ಯಾಸ್ಪದವೆನಿಸುವದು. ಹಾನಿಯು ಪ್ರಾಣದ್ದಾದಲ್ಲಿ ಅದನ್ನು ಏನೆಂದು ಕರೆಯಬೇಕು?

ಇದಕ್ಕೆ ಬಲವಾದ ಆಕ್ಷೇಪವುಂಟು. ನೀರಿಗಿಳಿಯದೆ ಈಜು ಬಾರದು. ಹಾರದೆ ಹಾರಾಟದ ಅನುಭವವು ಬಾರದು. ಅಧಿಕಾರ ಬಂದ ಮೇಲೆಯೇ ಮುಟ್ಟಬೇಕೆಂದರೆ ಯಾರೂ ಎಂದೂ ಅಧಿಕಾರಿಗಳಾಗರು. ರುಟಾನನ ನಕ್ಷೆಯನ್ನು ಹಿಡಿದು ಮೊದಲ ಸಲ ವಿಮಾನ ಕಟ್ಟಿದ ಹವ್ಯಾಸಿಯೂ ಕಟ್ಟುವ ಮುಂಚೆ ಹೊಸಬನೇ ಆಗಿದ್ದನು. ಅತಿಯಾದ ಜಾಗರೂಕತೆಯು ಹೇಡಿತನಕ್ಕೆ ಇಟ್ಟ ಒಳ್ಳೆಯ ಹೆಸರು ಮಾತ್ರವೆಂದು ಸಾಹಸಿಗಳು ಹೇಳುವರು. ಈ ಮಾತನ್ನು ತಳ್ಳಿಹಾಕಲಾಗದು. ಸಾಹಸವಿಲ್ಲದ ಸಮಾಜವು ನಿಂತ ನೀರಿನಂತೆ ಕೊಳೆಯುವದು. ಆದರೆ ಕಟ್ಟಿದವನ ಸಾಹಸದಲ್ಲಿಯೂ ಕೊಂಡವನ ಸಾಹಸದಲ್ಲಿಯೂ ಒಂದು ಅಂತರವಿದೆ. ಕಟ್ಟಿದವನು ಮೂರು ನಾಲ್ಕು ವರ್ಷ ಒಂದೊಂದು ಪದರಿಗೂ ಕೈ ಹಚ್ಚಿ, ತಪ್ಪಿದ್ದನ್ನು ಕಿತ್ತಿಟ್ಟು ಮತ್ತೆ ಮಾಡಿ, ಅರಿವು ಬೆಳೆದಂತೆ ವಸ್ತುವನ್ನು ಬೆಳೆಸಿದನು. ಅವನಲ್ಲಿ ವಿದ್ಯೆಯೂ ಸ್ವಾಮ್ಯವೂ ಜೊತೆಯಾಗಿ ನಡೆದವು. ಕೊಂಡವನಿಗೆ ಸ್ವಾಮ್ಯವು ಒಂದು ಸಹಿಯಿಂದ ಬಂದಿತು, ವಿದ್ಯೆಯು ಹಿಂದೆ ಉಳಿಯಿತು. ಈಜು ಕಲಿಯುವ ಹುಡುಗನೂ ಮೊದಲು ಬಾವಿಯ ಮೆಟ್ಟಲಲ್ಲಿ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ಬಲ್ಲವನ ಕಣ್ಣೆದುರಿಗೆ ಇಳಿಯುವನು. ಇಳಿಯಬೇಡವೆಂದು ಯಾರೂ ಹೇಳುವದಿಲ್ಲ. ಹಗ್ಗವಿಲ್ಲದೆ ನಡುಮಡುವಿಗೆ ಹಾರಬೇಡವೆಂದು ಹೇಳುವರು.

ಇನ್ನೊಂದು ಆಕ್ಷೇಪವು ಸ್ವಾತಂತ್ರ್ಯದ್ದು. ಪ್ರಾಣವು ಅವನದು, ಹಣವು ಅವನದು, ಉಳಿದವರಿಗೇನು? ಆದರೆ ಲಾಂಗ್-ಈಜಿಯಲ್ಲಿ ಎರಡು ಆಸನಗಳಿರುವವು. ಹಿಂದಿನ ಆಸನದಲ್ಲಿ ನಾಳೆ ಅವನ ಹೆಂಡತಿಯೋ ಗೆಳೆಯನೋ ಕೂಡ್ರುವರು. ಈ ವಿಮಾನವು ಹವ್ಯಾಸಿಯು ಕಟ್ಟಿದ್ದು, ಸಾಮಾನ್ಯ ವಿಮಾನಗಳ ಸುರಕ್ಷೆಯ ನಿಯಮಗಳಿಗೆ ಒಳಪಟ್ಟುದಲ್ಲ ಎಂಬ ಅರ್ಥದ ಫಲಕವನ್ನು ಪ್ರಯಾಣಿಕರಿಗೆ ಕಾಣುವಂತೆ ಹಚ್ಚಬೇಕೆಂದು ಅಲ್ಲಿಯ ಕಾನೂನು ವಿಧಿಸಿದೆ. ಆದರೆ ಆ ಫಲಕದ ಮೇಲೆ ವಿಮಾನದ ಮಾತಿದೆಯೇ ಹೊರತು ಚಾಲಕನು ಆ ವಿಮಾನಕ್ಕೆ ಎಷ್ಟು ಹಳಬನೆಂಬ ಮಾತಿಲ್ಲ. ಅದನ್ನು ಹೇಳತಕ್ಕವನು ಚಾಲಕನೊಬ್ಬನೇ. ಕೂಡ್ರುವವರು ಅವನ ಮುಖವನ್ನು ನಂಬಿ ಕೂಡ್ರುವರು. ಇನ್ನು ಕೆಳಗಿನ ಮನೆಗಳಲ್ಲಿ ಇರುವವರನ್ನು ಯಾರೂ ಕೇಳಿಯೇ ಇಲ್ಲ. ಊರಲ್ಲಿ ಫೋನಿನ ಹಾದಿ ಕಾಯುವ ತಾಯಿತಂದೆಗಳನ್ನು ಈ ಲೆಕ್ಕದಲ್ಲಿ ಹಿಡಿಯದಿದ್ದರೂ, ಪ್ರಾಣವು ಅವನೊಬ್ಬನದೇ ಎಂಬ ವಾದವು ಆಗಲೇ ಕುಸಿದಿರುವದು.

ಇದೇ ವಿನ್ಯಾಸವು ಕರ್ನಾಟಕದ ನೆಲದಲ್ಲಿಯೂ ಬೇರೆ ರೀತಿಯಿಂದ ಬೇರೂರಿತು. ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯಲ್ಲಿ ರುಸ್ತುಂ ದಮಾನಿಯಾ ಅವರ ನೇತೃತ್ವದಲ್ಲಿ ಲಾಂಗ್-ಈಜಿಯ ವಿನ್ಯಾಸವನ್ನು ಆಧಾರವಾಗಿಟ್ಟುಕೊಂಡು ಒಂದು ಹಗುರವಾದ ಸಂಶೋಧನ ವಿಮಾನವನ್ನು ಕಟ್ಟಿದರು. ಅದು 1987ರಲ್ಲಿ ಹಾರಿತು. ಗಾಜಿನ ಬಟ್ಟೆ ಮತ್ತು ರಾಳಗಳ ಕೆಲಸದಲ್ಲಿ ಆ ಪ್ರಯೋಗಶಾಲೆಯು ಮುಂದುವರಿದು ‘ಹಂಸ’ ಎಂಬ ಎರಡು ಆಸನಗಳ ತರಬೇತಿ ವಿಮಾನವನ್ನು 1993ರಲ್ಲಿ ಹಾರಿಸಿತು. 2000ದಲ್ಲಿ ಹಂಸ-3ಕ್ಕೆ ಸರಕಾರದ ಪ್ರಮಾಣಪತ್ರವು ದೊರೆತು ಅದು ಹಾರಾಟದ ಸಂಘಗಳಿಗೆ ಹೋಯಿತು. ಮುಂದೆ 2010ರಲ್ಲಿ ಹಾರಿದ ರುಸ್ತುಂ-1 ಎಂಬ ಚಾಲಕರಹಿತ ವಿಮಾನವು ಆ 1987ರ ವಿಮಾನದ ವಂಶದ್ದೇ. ಅದಕ್ಕೆ ದಮಾನಿಯಾ ಅವರ ಹೆಸರನ್ನೇ ಇಟ್ಟರು. ಇಲ್ಲಿಯೂ ಪರರ ವಿನ್ಯಾಸವೇ ಮೊದಲಿನ ಮೂಲವು. ಆದರೆ ಬೆಂಗಳೂರಿನವರು ವಿನ್ಯಾಸವನ್ನು ತಂದು ನಿಲ್ಲಿಸಲಿಲ್ಲ. ಅದರ ಹಿಂದಿನ ವಿದ್ಯೆಯನ್ನು ಕೈಗೆ ತಂದುಕೊಂಡರು. ಆದುದರಿಂದಲೇ ಆ ವಿನ್ಯಾಸವು ಒಂದು ವಿಮಾನದಲ್ಲಿ ಮುಗಿಯದೆ ವಂಶವಾಗಿ ಬೆಳೆಯಿತು. ಪರರದನ್ನು ತನ್ನದನ್ನಾಗಿ ಮಾಡಿಕೊಳ್ಳುವ ಸರಿಯಾದ ಮಾರ್ಗವು ಇದು.

ಮಾರುವವನ ಧರ್ಮವನ್ನೂ ಇಲ್ಲಿ ಮರೆಯಬಾರದು. ನಿರ್ದೋಷವಾದುದನ್ನು ತೋರಿಸಿ ಸದೋಷವಾದುದನ್ನು ಕೊಡುವವನಿಂದ ಬೆಲೆಯ ಎರಡು ಪಟ್ಟನ್ನು ಕೊಂಡವನಿಗೆ ಕೊಡಿಸಿ, ಅಷ್ಟೇ ದಂಡವನ್ನೂ ವಿಧಿಸಬೇಕೆಂದು ನಾರದ ಸ್ಮೃತಿಯು ಹೇಳುವದು. ದೋಷವೆಂದರೆ ಒಡಕು, ಸೋರಿಕೆಗಳಷ್ಟೇ ಅಲ್ಲ. ತನಗೆ ರೂಢಿಯಾಗಿ ಪರರಿಗೆ ಗಂಡಾಂತರವಾದ ವಿಚಿತ್ರ ಏರ್ಪಾಟೂ ದೋಷವೇ. ಅದನ್ನು ಮುಚ್ಚುವ ಉದ್ದೇಶವು ಮಾರುವವನಿಗೆ ಇರದೆ ಇರಬಹುದು. ದಿನವೂ ಕಂಡುದರಿಂದ ಅದು ಅವನ ಕಣ್ಣಿಗೆ ದೋಷವಾಗಿ ತೋರದೆ ಹೋಗಬಹುದು. ಆದುದರಿಂದ ಮಾರುವವನು ತನ್ನ ವಸ್ತುವನ್ನು ಒಮ್ಮೆ ಹೊಸಬನ ಕಣ್ಣಿನಿಂದ ನೋಡಿ, ಕಂಡುದನ್ನು ಬಾಯಿಬಿಟ್ಟು ಹೇಳತಕ್ಕದ್ದು. ಕೊಳ್ಳುವವನ ಕೈಗಳು ಇನ್ನೂ ಎಳೆಯವೆಂದು ಕಂಡರೆ, ಇಂಥವರ ಬಳಿ ಇಷ್ಟು ದಿವಸ ಕಲಿತು ಬಾ, ಆ ಮೇಲೆ ಒಯ್ಯಿ ಎಂದು ಹೇಳುವ ಧೈರ್ಯವೂ ಅವನಿಗೆ ಬೇಕು. ಹಾಗೆ ಹೇಳಿದವನು ಗಿರಾಕಿಯನ್ನು ಕಳೆದುಕೊಂಡಾನು. ಒಬ್ಬನ ಸಾವಿಗೆ ಪಾಲುಗಾರನಾಗುವದರಿಂದ ಉಳಿದಾನು.

ಇಷ್ಟನ್ನು ವಿಚಾರಿಸಿದ ಮೇಲೆ ನಿರ್ಣಯವು ಕಠಿಣವಲ್ಲ. ಕೊಳ್ಳುವದು ಪಾಪವಲ್ಲ, ಕೊಂಡ ದಿನಕ್ಕೂ ಹಾರುವ ದಿನಕ್ಕೂ ನಡುವೆ ಇರತಕ್ಕ ಕಾಲವನ್ನು ನುಂಗುವದೇ ತಪ್ಪು. ಆ ತರುಣನು ಕೊಳ್ಳುವ ಮುಂಚೆ ಇಂಥದೇ ವಿಮಾನವನ್ನು ಕಟ್ಟಿದ ಇನ್ನೊಬ್ಬನನ್ನು ಕರೆದೊಯ್ದು ತೋರಿಸಲಿ. ಕಟ್ಟಿದವನು ಬದುಕಿದ್ದರೆ ಅವನ ಮುಂದೆ ಗಿರಾಕಿಯಾಗಿ ಅಲ್ಲ, ಶಿಷ್ಯನಾಗಿ ಕೂತು, ಕಟ್ಟುವಾಗ ಬರೆದಿಟ್ಟ ದಿನಚರಿಯನ್ನು ಅವನಿಂದಲೇ ಓದಿಸಿಕೊಳ್ಳಲಿ. ಕೈಗೆಟುಕದ ಹಿಡಿಕೆಯಿದ್ದರೆ ನೆಲದ ಮೇಲಿರುವಾಗಲೇ ಅದರ ಸ್ಥಾನವನ್ನು ಬದಲಿಸಲಿ. ಆ ಜಾತಿಯ ವಿಮಾನದಲ್ಲಿ ನುರಿತವನ ಸಂಗಡ ಸಾಕೆನಿಸುವ ತನಕ, ಮತ್ತು ಸಾಕೆನಿಸಿದ ಮೇಲೂ ಕೆಲವು ದಿನ ಹಾರಲಿ. ಅಲ್ಲಿಯ ತನಕ ತನ್ನ ವಿಮಾನವು ಕೊಟ್ಟಿಗೆಯಲ್ಲಿ ನಿಂತಿರುವದನ್ನು ನೋಡಿ ತಾಳುವ ಶಕ್ತಿಯು ಅವನಿಗಿದ್ದರೆ, ಅವನು ಅಧಿಕಾರದ ಹಾದಿಯಲ್ಲಿರುವನೆಂದು ತಿಳಿಯಬಹುದು. ತಾಳಲಾರದವನು ಬೆಲೆಯ ಅರ್ಧವನ್ನು ಮಾತ್ರ ಕೊಟ್ಟವನು. ಉಳಿದರ್ಧವು ಕಾಲದ ರೂಪದಲ್ಲಿ ಕೊಡತಕ್ಕದ್ದಿತ್ತು.

ಮನೆಯವರಿಗೂ ಇದರಲ್ಲಿ ಒಂದು ಪಾಲಿದೆ. ಮಗನು ಹೊಸ ವಸ್ತುವೊಂದನ್ನು ಕೊಂಡ ಸುದ್ದಿ ಬಂದಾಗ ಹಿರಿಯರು ವಾಡಿಕೆಯಾಗಿ ಕೇಳುವದು, ‘ಎಷ್ಟಕ್ಕ ತಗೊಂಡಿ, ತಮ್ಮಾ?’ ಎಂದು. ಮೋಟಾರಾಗಲಿ ವಿಮಾನವಾಗಲಿ, ಮುನ್ನೂರು ರೂಪಾಯಿಯದಾಗಲಿ ಮೂವತ್ತು ಲಕ್ಷದ್ದಾಗಲಿ, ಅದೇ ಪ್ರಶ್ನೆ. ಅದರ ಬದಲು, ‘ಯಾರ ಕಡೆ ಕಲತಿ? ಎಷ್ಟು ದಿವಸ ಕಲತಿ?’ ಎಂದು ಕೇಳುವ ರೂಢಿಯು ಮನೆಮನೆಗಳಲ್ಲಿ ಬೆಳೆದರೆ, ಎಳೆಯ ಕೈಗಳಿಗೆ ದೂರದಿಂದಲೂ ಒಂದು ಹಗ್ಗವು ಸಿಕ್ಕಂತಾಗುವದು.